ಸಂಸ್ಕಾರದ ಗುತ್ತಿಗೆ

ಆಸ್ಟ್ರೇಲಿಯಾದ ಜನಗಣತಿಯಲ್ಲಿ ಧರ್ಮದ ಪ್ರಶ್ನೆಗೆ ಉತ್ತರಿಸಲೇಬೇಕೆಂದಿಲ್ಲ. 2016ರಿಂದ ‘ಯಾವ ಧರ್ಮವೂ ಇಲ್ಲ’ ಎಂಬ ಆಯ್ಕೆ ಪಟ್ಟಿಯ ನೆತ್ತಿಗೇ ಏರಿದೆ. 2021ರಲ್ಲಿ ಶೇ 38.9 ಮಂದಿ ಅದಕ್ಕೇ ಸೇರಿದರು. ಹಿಂದೂಗಳು ಶೇ 2.7. ಅವರಲ್ಲಿ ತೊಟ್ಟಿಲ ಕೂಸುಗಳೂ ಇವೆ. ಅವುಗಳ ಪರವಾಗಿ ಗುರುತು ಹಾಕಿದವರು ಅಪ್ಪ-ಅಮ್ಮ. ಮಕ್ಕಳ ಧಾರ್ಮಿಕ ವ್ಯಕ್ತಿತ್ವ ರೂಪಿಸುವ ಹೊಣೆಯ ಮೊದಲ ಕಂತು ಅಲ್ಲಿಗೆ ತೀರಿತು.

ಉಳಿದ ಕಂತುಗಳು ಗುತ್ತಿಗೆಗೆ. ಪರ್ತಿನವರಿಗೆ ಕ್ಯಾನಿಂಗ್ ವೇಲ್ ದೇವಸ್ಥಾನ, ಬ್ರಿಸ್ಬೇನಿನವರಿಗೆ ಸೌತ್ ಮೆಕ್ಲೀನಿನ ಸೆಲ್ವ ವಿನಾಯಗರ್, ಅಡಿಲೇಡಿನವರಿಗೆ ಓಕ್‌ಲ್ಯಾಂಡ್ಸ್ ಪಾರ್ಕಿನ ಗಣೇಶ. ಭಾನುವಾರ ಮಗುವನ್ನು ಶ್ಲೋಕದ ಕ್ಲಾಸಿಗೆ ಇಳಿಸಿ, ಅಪ್ಪ ಕಾರಿನಲ್ಲೇ ಕೂತು ಫೋನಿನಲ್ಲಿ ಮನೆಗಳ ಬೆಲೆ ನೋಡುತ್ತಾನೆ. ಗಂಟೆ ಕಳೆಯುವುದರೊಳಗೆ ಸಂಸ್ಕಾರ ಸಿದ್ಧವಾಗಿ ಹಿಂದಿನ ಸೀಟಿಗೆ ಬಂದು ಕೂರುತ್ತದೆ.

ಪೇಚು ಶುರುವಾಗುವುದೇ ಆ ಸೀಟಿನಿಂದ. ‘ಅಪ್ಪಾ, ಉತ್ತರಾಯಣ ಅಂದ್ರೆ ಸೂರ್ಯ ನಮ್ಮನ್ನ ಬಿಟ್ಟು ಹೋಗೋದಲ್ವಾ? ಇಲ್ಲಿ ಹಗಲು ಚಿಕ್ಕದಾಗ್ತಾ ಇದೆ! ಎಳ್ಳು ಚಳಿಗೆ ಒಳ್ಳೇದು ಅಂತೀಯ, ಹೊರಗೆ ಇಷ್ಟು ಬಿಸಿಲು!’

‘ಪಂಚಾಂಗದಲ್ಲಿದೆ, ಸುಮ್ನಿರು.’

ಅಂದಿನ ಪಾಠ ನಚಿಕೇತನದಾಗಿದ್ದರೆ, ಪ್ರಶ್ನೆ ಕೇಳಿದ ಮಗನನ್ನು ಅಪ್ಪ ಯಾರ ಕೈಗೆ ಕೊಟ್ಟನೆಂಬುದು ನೆನಪಾಗಿ ಮಗು ತೆಪ್ಪಗಾಗುತ್ತದೆ.

ಹಾಗೆಂದು ಇವರು ಭಕ್ತಿಯನ್ನೇ ಕಲಿಸಲಿಲ್ಲವೆಂದರೆ ಪಾಪ ಬಂದೀತು. ಪರ್ತ್ ಮಾಡರ್ನ್ ಶಾಲೆಯ ಪ್ರವೇಶ ಪರೀಕ್ಷೆಯ ವ್ರತದ ಮುಂದೆ ನಿರ್ಜಲ ಏಕಾದಶಿ ಏನೇನೂ ಅಲ್ಲ. ಅಡಿಲೇಡಿನ ಗ್ಲೆನಂಗಾ ಹೈಸ್ಕೂಲಿನ ವ್ಯಾಪ್ತಿಯಲ್ಲೋ ಬ್ರಿಸ್ಬೇನ್ ಸ್ಟೇಟ್ ಹೈನ ಆಸುಪಾಸಿನಲ್ಲೋ ಮನೆ ಹಿಡಿಯಲು ದಂಪತಿ ಮೂವತ್ತು ವರ್ಷದ ಸಾಲದ ದೀಕ್ಷೆ ತೊಡುತ್ತಾರೆ. ಅರ್ಚನೆಯ ಸಂಕಲ್ಪದಲ್ಲಿ ಮೋಕ್ಷ ಬೇಡುವವರಿಲ್ಲ. ವಿಶ್ವವಿದ್ಯಾಲಯ ಪ್ರವೇಶಕ್ಕೆ 99 ದಾಟಿದ ಎಟಾರ್ ಶ್ರೇಯಾಂಕ ಸಾಕು. ಯಾವ ದೇವರಿಗೆ ಅಮ್ಮ ನಿಜವಾಗಿ ನಡುಗುತ್ತಾಳೆಂದು ಮಗುವಿಗೆ ಯಾವ ಕ್ಲಾಸೂ ಹೇಳಿಕೊಡಬೇಕಿಲ್ಲ.

ಇನ್ನು ಬಸವ ಜಯಂತಿ. ಅಂಟಿಸಿದ ಮೀಸೆಯ ಏಳು ವರ್ಷದ ಬಸವಣ್ಣ ವೇದಿಕೆಯಲ್ಲಿ ಕುಲ ಕೇಳಬಾರದೆಂಬ ವಚನ ಒಪ್ಪಿಸಿ ಚಪ್ಪಾಳೆ ಗಿಟ್ಟಿಸುತ್ತಾನೆ. ಕೆಳಗೆ ಬಿಸಿಬೇಳೆಬಾತಿನ ಸಾಲಿನಲ್ಲಿ ಅವನಪ್ಪ, ಹೊಸದಾಗಿ ಬಂದವರ ಊರು ಕೇಳಿ, ಮನೆದೇವರು ಕೇಳಿ, ‘ಓಹೋ, ನಮ್ಮೋರೇ!’ ಎಂದು ತಟ್ಟೆ ಮುಂದೆ ಚಾಚುತ್ತಾನೆ. ಜಾತಿ ಕೇಳುವುದು ಅಸಭ್ಯ ನೋಡಿ. ಮನೆದೇವರನ್ನು ಕೇಳುವುದು ಭಕ್ತಿ.

ಮೀಸೆ ಕೀಳುತ್ತ ಮಗ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ. ಮುಂದೊಂದು ದಿನ ಮೆಚ್ಚಿದ ಹುಡುಗಿಯನ್ನು ಮನೆಗೆ ಕರೆತಂದು, ಅಪ್ಪನ ಮುಖ ಕಪ್ಪಿಟ್ಟಾಗ, ಬಸವಣ್ಣನ ಹೆಸರೆತ್ತುತ್ತಾನೆ. ಅಪ್ಪನ ಉತ್ತರ ಸಿದ್ಧವಿದೆ: ‘ಅದು ಸ್ಟೇಜಿಗೆ ಕಣೋ!’