ಗಲ್ಲಾ ನಮ್ಮದು, ಗಲಾಟೆ ನಿಮ್ಮದು

ಬೆಂಗಳೂರಿನ ಹೋಟೆಲ್ ಧಣಿಗಳು ನಾಲ್ಕು ಜನ ಸೇರಿದರೆ ಸಾಕು, ಅದೇ ಗೋಳು ಶುರು. ಮದುವೆ ಮನೆಯಾದರೂ ಸರಿ, ಬೊಜ್ಜದ ಊಟವಾದರೂ ಸರಿ. "ಒಳ್ಳೆ ಮ್ಯಾನೇಜರ್ ಸಿಗುದಿಲ್ಲ ಮಾರಾಯ್ರೆ. ಸಿಕ್ಕಿದವ ನಿಲ್ಲುದಿಲ್ಲ. ನಿಂತವನಿಗೆ ನಿಯತ್ತಿಲ್ಲ."

ಮೂರು ದೂರು. ಮೂರರಲ್ಲೂ ಧಣಿ ನಿರಪರಾಧಿ.

ಈ ಮ್ಯಾನೇಜರ್ ಅಂದರೆ ಯಾರು, ಸ್ವಲ್ಪ ನೋಡಿ. ಬೆಳಿಗ್ಗೆ ಐದಕ್ಕೆ ಶಟರ್ ಎತ್ತುವವನು. ಹಾಲಿನ ಗಾಡಿ ಬರಲಿಲ್ಲವೆಂದು ಫೋನ್ ಹಚ್ಚುವವನು. ಅಡ್ವಾನ್ಸ್ ತಗೊಂಡು ಊರಿಗೆ ಹೋದ ದೋಸೆ ಭಟ್ಟರ ಮೊಬೈಲ್ ಸ್ವಿಚಾಫ್ ಆದರೆ ತಾನೇ ಕಾವಲಿ ಮುಂದೆ ನಿಲ್ಲುವವನು. ಕ್ಲೀನರ್ ಹುಡುಗರು ಒಡಿಶಾದವರು, ಸಪ್ಲೈಯರ್‌ಗಳು ಅಸ್ಸಾಮಿನವರು. ಅವರೊಡನೆ ಹರಕು ಹಿಂದಿ. "ನಿಮ್ಮ ಹುಡುಗ್ರಿಗೆ ಕನ್ನಡ ಬರಲ್ವೇನ್ರೀ" ಎಂದು ರೇಗುವ ಗಿರಾಕಿಯೊಡನೆ ಬೆಣ್ಣೆಯಂಥ ಕನ್ನಡ. ಎರಡನೇ ಸಲ ಸಾಂಬಾರ್ ಕೊಡದಿದ್ದರೆ ಗಿರಾಕಿ ಬೈಯುತ್ತಾನೆ. ಕೊಟ್ಟರೆ ಧಣಿ ಬೈಯುತ್ತಾರೆ. 19 ಕೆಜಿಯ ಸಿಲಿಂಡರಿನ ಬೆಲೆ ಏರಿದರೂ ಬೈಗುಳ ಇವನಿಗೇ, ದರ ನಿಗದಿ ಮಾಡುವ ತೈಲ ಕಂಪನಿ ಇವನ ಅಪ್ಪನದು ಎಂಬಂತೆ.

ಧಣಿ ಆ ಹೊತ್ತಿಗೆ ಮನೆಯಲ್ಲಿ ಕಾಫಿ ಕುಡಿಯುತ್ತಾ ಮೊಬೈಲಿನಲ್ಲಿ ಸಿಸಿಟಿವಿ ನೋಡುತ್ತಿರುತ್ತಾರೆ. ಕೌಂಟರಿನ ಮುಂದೆ ಜನ ಮುಗಿಬಿದ್ದಾಗಲೇ ಅವರ ಕಣ್ಣು ಚುರುಕು. ಫೋನ್ ಬರುತ್ತದೆ. "ಆ ಮೂಲೆ ಟೇಬಲ್ ಒರೆಸ್ಲಿಲ್ಲ ಯಾಕೆ?"

ಕ್ಯಾಮೆರಾ ಎಲ್ಲೆಲ್ಲಿವೆ ಎಂಬುದನ್ನೂ ಗಮನಿಸಿ. ಗಲ್ಲಾದ ಮೇಲೆ ಎರಡು. ಇಲಿ ಓಡಾಡುವ ಸ್ಟೋರ್ ರೂಮಿನಲ್ಲಿ ಒಂದೂ ಇಲ್ಲ. ಇಲಿಗೆ ನಿಯತ್ತಿದೆ. ಅದು ಬಿಟ್ಟು ಹೋಗುವುದಿಲ್ಲ.

ಗಲ್ಲಾದಲ್ಲಿ ಕೂತಿರುವುದು ಧಣಿಯ ಭಾವಮೈದುನ. ಅವನಿಗೆ ರವೆ ಇಡ್ಲಿಗೂ ತಟ್ಟೆ ಇಡ್ಲಿಗೂ ವ್ಯತ್ಯಾಸ ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ. ಅರ್ಧ ಕೆಜಿ ಕೊತ್ತಂಬರಿ ಸೊಪ್ಪು ತರಿಸಬೇಕಾದರೆ ಮ್ಯಾನೇಜರ್ ಈ ಭಾವಮೈದುನನ ಮುಂದೆ ಚೀಟಿ ಹಿಡಿದು ನಿಲ್ಲಬೇಕು. ಇಡೀ ಹೋಟೆಲ್ ನಡೆಸುವ ತಾಕತ್ತು ಮ್ಯಾನೇಜರಿಗಿದೆ ಎಂದು ಧಣಿಗೆ ನಂಬಿಕೆ. ಇಪ್ಪತ್ತು ರೂಪಾಯಿಯ ಸೊಪ್ಪು ಕೊಳ್ಳುವ ಯೋಗ್ಯತೆ ಇದೆಯೋ ಇಲ್ಲವೋ ಎಂಬುದರ ಬಗ್ಗೆ ಮಾತ್ರ ಅನುಮಾನ.

ಹಾಗಾದರೆ ಇವನಿಗೆ ಮ್ಯಾನೇಜರ್ ಎಂಬ ಹೆಸರೇಕೆ?

ಅದಕ್ಕೆ ಕಾರಣವಿದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಬಂದದ್ದು 1961ರಲ್ಲಿ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ, ಅದಕ್ಕಿಂತ ಹೆಚ್ಚು ದುಡಿಸಿದರೆ ದುಪ್ಪಟ್ಟು ದರದಲ್ಲಿ ಓವರ್‌ಟೈಮ್ ಎಂದಿತು ಕಾಯ್ದೆ. ಆಡಳಿತ ನಡೆಸುವ ಸ್ಥಾನದಲ್ಲಿರುವವರಿಗೆ ಇದು ಅನ್ವಯಿಸುವುದಿಲ್ಲ ಎಂದೂ ಅಂದಿತು. ಧಣಿಗಳು ಇಡೀ ಕಾಯ್ದೆ ಓದಿದವರಲ್ಲ. ಅವರ ಆಡಿಟರ್ ಈ ಕೊನೆಯ ಮಾತೊಂದನ್ನು ಚೆನ್ನಾಗಿ ಓದಿ ಹೇಳಿದ್ದಾರೆ.

ಅಲ್ಲಿಂದ ಹೋಟೆಲುಗಳಲ್ಲಿ ಮ್ಯಾನೇಜರುಗಳ ಸಂತಾನ ವೃದ್ಧಿಯಾಯಿತು. ಫ್ಲೋರ್ ಮ್ಯಾನೇಜರ್. ಶಿಫ್ಟ್ ಮ್ಯಾನೇಜರ್. ಪಾರ್ಸೆಲ್ ಮ್ಯಾನೇಜರ್. ಟೋಕನ್ ಹರಿದು ಕೊಡುವವನ ಕೊರಳಲ್ಲೂ ಮ್ಯಾನೇಜರ್ ಎಂಬ ಪಟ್ಟಿ. ಸಂಬಳ ಸಪ್ಲೈಯರಿನದು, ಹುದ್ದೆ ಸಾಹೇಬರದು, ಗಂಟೆ ಎತ್ತಿನದು. ನ್ಯಾಯಾಲಯಗಳು ಬಹಳ ಹಿಂದೆಯೇ ಹೇಳಿಬಿಟ್ಟಿವೆ, ಹುದ್ದೆಯ ಹೆಸರಲ್ಲ, ಆತ ನಿಜವಾಗಿ ಮಾಡುವ ಕೆಲಸವೇ ಮುಖ್ಯ ಎಂದು. ಆದರೆ ನ್ಯಾಯಾಲಯಕ್ಕೆ ಹೋಗಲು ಒಂದು ದಿನ ರಜೆ ಬೇಕು. ಆ ರಜೆಯನ್ನೇ ಅಲ್ಲವೇ ಕೇಳಲು ಹೊರಟದ್ದು?

ಇನ್ನೊಂದು ಕಾನೂನಿದೆ. ಇದನ್ನು ಬಲ್ಲವರು ಕಡಿಮೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 66ನೇ ಕಲಮು. ಕಂಪನಿಗೆ ಹಲವು ಶಾಖೆಗಳಿದ್ದರೆ, ಒಂದೊಂದು ಶಾಖೆಯ ಆಹಾರ ಸುರಕ್ಷತೆಗೆ ಅಲ್ಲಿಯ ಉಸ್ತುವಾರಿ ನೋಡಿಕೊಳ್ಳುವವನನ್ನೇ ಹೊಣೆಗಾರನೆಂದು ನೇಮಿಸಬಹುದು. ಹೆಚ್ಚು ಕಡಿಮೆಯಾದರೆ ಕಾನೂನು ಹಿಡಿಯುವುದು ಅವನನ್ನು. ಎಂಥ ಸೊಗಸು ನೋಡಿ. ಕೊತ್ತಂಬರಿ ಸೊಪ್ಪು ಕೊಳ್ಳಲು ಅಧಿಕಾರವಿಲ್ಲ. ಕೊಳೆತ ಸೊಪ್ಪು ಸಾಂಬಾರಿನಲ್ಲಿ ಸಿಕ್ಕರೆ ಕೇಸು ಮಾತ್ರ ಇವನ ಹೆಸರಿನಲ್ಲಿ. ಹೊಸ ಫ್ರಿಜ್ ಬೇಕೆಂದು ಬರೆದುಕೊಟ್ಟ ಚೀಟಿ ಭಾವಮೈದುನನ ಡ್ರಾಯರಿನಲ್ಲಿ ಬೆಚ್ಚಗೆ ಮಲಗಿರುತ್ತದೆ. ಅದನ್ನು ಇನ್‌ಸ್ಪೆಕ್ಟರ್ ಕೇಳುವುದಿಲ್ಲ.

ನೇಮಕಾತಿ ಪತ್ರ ಕೊಡಲು ಮೀನ ಮೇಷ ಎಣಿಸುವ ಧಣಿಗಳು ಈ ಹೊಣೆಗಾರಿಕೆಯ ಫಾರಮ್ಮಿಗೆ ಸಹಿ ಹಾಕಿಸಿಕೊಳ್ಳುವಾಗ ಮಾತ್ರ ಪೆನ್ನೂ ತಾವೇ ಕೊಡುತ್ತಾರೆ.

ಗ್ರಾಚ್ಯುಟಿಯ ಮಾತೆತ್ತಿದರೆ ಇನ್ನೂ ಮಜಾ. 1972ರಿಂದಲೂ ನಿಯಮವಿದೆ. ಐದು ವರ್ಷ ಸತತವಾಗಿ ದುಡಿದವನಿಗೆ ವರ್ಷಕ್ಕೆ 15 ದಿನದ ಸಂಬಳದಂತೆ ಲೆಕ್ಕ ಹಾಕಿ ಕೊಡಬೇಕು. ನಿಯತ್ತಿಗೆ ಸರ್ಕಾರ ಕಟ್ಟಿದ ಬೆಲೆ ಅಷ್ಟೇ, ದೊಡ್ಡದೇನಲ್ಲ. ಆದರೂ ನಾಲ್ಕೂಮುಕ್ಕಾಲು ವರ್ಷ ಆಗುತ್ತಿದ್ದಂತೆ ಕೆಲವು ಧಣಿಗಳಿಗೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕುತ್ತದೆ. "ನಿನ್ನನ್ನ ಹೊಸ ಬ್ರಾಂಚಿಗೆ ಹಾಕ್ತೇನೆ. ಅದು ಬೇರೆ ಕಂಪನಿ. ಇಲ್ಲಿಗೊಂದು ರಾಜೀನಾಮೆ ಬರ್ದು ಕೊಡು, ಬರೀ ಫಾರ್ಮಾಲಿಟಿ." ಆಮೇಲೆ ಇವರೇ ವೇದಿಕೆ ಹತ್ತಿ ಕೇಳುತ್ತಾರೆ, ಜನ ಐದು ವರ್ಷವೂ ಯಾಕೆ ನಿಲ್ಲುವುದಿಲ್ಲ ಎಂದು.

ಕಾಗದ ಪತ್ರ ಕೇಳಿದರೆ ಧಣಿಗೆ ನೋವಾಗುತ್ತದೆ. "ನಾವೆಲ್ಲ ಒಂದೇ ಫ್ಯಾಮಿಲಿ ಅಲ್ವಾ? ಫ್ಯಾಮಿಲಿಯಲ್ಲಿ ಕಾಗದ ಯಾಕೆ?" ಸಂಬಳ ಹೆಚ್ಚಿಸುವ ಹೊತ್ತಿಗೆ ಮಾತ್ರ ಈ ಕುಟುಂಬ ಒಡೆದು ಪಾಲಾಗುತ್ತದೆ. ವಾಟ್ಸಾಪ್ ಗುಂಪಿಗೂ ಅದೇ ಹೆಸರು, ನಮ್ಮ ಫ್ಯಾಮಿಲಿ. ಆಯುಧಪೂಜೆಗೆ ಒಂದು ಶರ್ಟ್ ಪೀಸ್. ಹೊಲಿಗೆ ಖರ್ಚು ಸದಸ್ಯರದೇ.

ಈ ಕುಟುಂಬದ ಮಾತು ಬಂದಾಗಲೆಲ್ಲ ನನಗೆ ಚೆನ್ನೈಯ ಶರವಣ ಭವನ ನೆನಪಾಗುತ್ತದೆ. 1981ರಲ್ಲಿ ಶುರುವಾದ ಹೋಟೆಲು. ನೌಕರರಿಗೆ ಇರಲು ಮನೆ, ಆಸ್ಪತ್ರೆ ಖರ್ಚು, ಮಕ್ಕಳ ಓದಿಗೆ ನೆರವು, ಮದುವೆಗೆ ಸಹಾಯ. ಇಡೀ ಉದ್ಯಮದಲ್ಲಿ ಹಾಗೆ ನೋಡಿಕೊಂಡವರು ವಿರಳ. ನೌಕರರು ಧಣಿ ಪಿ. ರಾಜಗೋಪಾಲರನ್ನು ಅಣ್ಣಾಚ್ಚಿ ಎಂದು ಕರೆದರು, ಅವರ ಫೋಟೋ ಮನೆಯಲ್ಲಿಟ್ಟರು. ಸವಲತ್ತುಗಳು ಸುಳ್ಳಲ್ಲ. ಆದರೆ ತನ್ನದೇ ಹೋಟೆಲಿನ ಅಸಿಸ್ಟೆಂಟ್ ಮ್ಯಾನೇಜರ್ ಒಬ್ಬರ ಮಗಳನ್ನು ಮದುವೆಯಾದರೆ ಒಳ್ಳೆಯದಾಗುತ್ತದೆಂದು ಜ್ಯೋತಿಷಿ ಹೇಳಿದ್ದನ್ನು ಈ ಅಣ್ಣಾಚ್ಚಿ ನಂಬಿದರು. ಆಕೆಗೆ ಆಗಲೇ ಮದುವೆಯಾಗಿತ್ತು. 2001ರಲ್ಲಿ ಆಕೆಯ ಗಂಡನ ಕೊಲೆಯಾಯಿತು. ಅದಕ್ಕಾಗಿ ಅಣ್ಣಾಚ್ಚಿಗೆ 2004ರಲ್ಲಿ ಶಿಕ್ಷೆ, 2009ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಜೀವಾವಧಿಗೆ ಏರಿಸಿತು, 2019ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಎಲ್ಲ ಧಣಿಗಳೂ ಹಾಗಲ್ಲ, ಗೊತ್ತು. ಆದರೆ ಕೊಡುವುದೆಲ್ಲ ದಯೆಯಾಗಿ, ಹಕ್ಕಾಗಿ ಒಂದೂ ಇಲ್ಲದ ಕಡೆ, ಮನೆಯ ಯಜಮಾನ ಏನು ಕೇಳಿದರೂ ಇಲ್ಲವೆನ್ನುವುದು ಕಷ್ಟ. ಆ ಯುವತಿ ಇಲ್ಲವೆಂದರು. ವರ್ಷಾನುಗಟ್ಟಲೆ ಕೋರ್ಟಿನಲ್ಲಿ ನಿಂತು ಹೋರಾಡಿದರು. ನನಗೆ ಅಣ್ಣಾಚ್ಚಿಗಿಂತ ಆ ಮ್ಯಾನೇಜರ್ ಮಗಳು ದೊಡ್ಡವರಾಗಿ ಕಾಣುತ್ತಾರೆ.

ಈಗ ದ್ರೋಹದ ವಿಚಾರಕ್ಕೆ ಬರೋಣ. ಮ್ಯಾನೇಜರ್ ಕೆಲಸ ಬಿಟ್ಟು ಎರಡು ರಸ್ತೆ ಆಚೆ ತನ್ನದೇ ದರ್ಶಿನಿ ಹಾಕಿದರೆ ಧಣಿಯ ಎದೆ ಒಡೆಯುತ್ತದೆ. "ಅನ್ನ ಹಾಕಿದ ಮನೆಗೆ ಕನ್ನ ಹಾಕಿದ." ಒಳ್ಳೆಯದು. ಅದೇ ಧಣಿಯ ಹೋಟೆಲಿನ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ತೆರೆದು ನೋಡಿ. ಮೊದಲ ಪುಟದಲ್ಲೇ ಇದೆ, ಹನ್ನೆರಡರ ಹುಡುಗನಾಗಿ ಕುಂದಾಪುರದಿಂದ ಬಸ್ಸು ಹತ್ತಿದ್ದು, ಸಂಬಂಧಿಕರ ಹೋಟೆಲಿನಲ್ಲಿ ಲೋಟ ತೊಳೆದದ್ದು, ಕೆಲಸ ಕಲಿತು ಹೊರಬಂದು ಸ್ವಂತದ್ದು ಕಟ್ಟಿದ್ದು. ಧಣಿ ಬಿಟ್ಟು ಬಂದರೆ ಸಾಹಸ. ಮ್ಯಾನೇಜರ್ ಬಿಟ್ಟು ಹೋದರೆ ದ್ರೋಹ.

ಉಡುಪಿ ಹೋಟೆಲಿನ ಚರಿತ್ರೆಯೆಂದರೆ ಕೆಲಸ ಬಿಟ್ಟವರ ಚರಿತ್ರೆ. ಕಂಡವರ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಕಾಫಿ ಕ್ಲಬ್ ತೆರೆಯದೆ ಅಡುಗೆಮನೆಯಲ್ಲೇ ನಿಯತ್ತಿನಿಂದ ಉಳಿದಿದ್ದರೆ ಇವತ್ತು ಎಂಟಿಆರ್ ಎಂಬುದೇ ಇರುತ್ತಿರಲಿಲ್ಲ. ಕಡಂದಲೆ ಕೃಷ್ಣ ರಾಯರು ಹಿಟ್ಟು ರುಬ್ಬಿ, ಪಾತ್ರೆ ತೊಳೆದು ಮದ್ರಾಸಿನಲ್ಲಿ ಬೆಳೆದವರು. ಅವರ ಧಣಿ ಏನು ಮಾಡಿದರು ಗೊತ್ತೇ? ತನ್ನದೊಂದು ಹೋಟೆಲನ್ನೇ ಕಂತಿನ ಮೇಲೆ ಆ ಕೆಲಸದ ಹುಡುಗನಿಗೆ ಬಿಟ್ಟುಕೊಟ್ಟರು. ಆ ಹುಡುಗ 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲ್ ತೆರೆದರು. ಇವತ್ತಿನ ಧಣಿಗಳು ಕೃಷ್ಣ ರಾಯರ ಹೆಸರು ಹೇಳಿ ಕೈಮುಗಿಯುತ್ತಾರೆ. ಆ ಹಳೆಯ ಧಣಿಯ ಹೆಸರು ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ.

ಇಂದಿರಾನಗರದ ದೊಡ್ಡ ರೆಸ್ಟೋರೆಂಟುಗಳ ಕಥೆ ಬೇರೆಯೇನಲ್ಲ, ಎಸಿ ಇದೆ ಅಷ್ಟೆ. ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾನಾಗಿ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿತು, 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಒಪ್ಪಿತು. ಬಿಲ್ಲು ಹಿಡಿದು ಜಗಳಕ್ಕೆ ನಿಂತ ಗಿರಾಕಿಯ ಮುಂದೆ ಚಾರ್ಜು ಸೇರಿಸಿದ ಧಣಿ ಇರುವುದಿಲ್ಲ. ಕೋಟು ಹಾಕಿದ ಮ್ಯಾನೇಜರ್ ಇರುತ್ತಾನೆ, ನಗುತ್ತಾ.

ಅಷ್ಟರಲ್ಲಿ ಧಣಿಯ ಮಗ ಎಂಬಿಎ ಮುಗಿಸಿ ಬರುತ್ತಾನೆ. ಮೊದಲ ದಿನವೇ ಸಿಇಒ. ಮ್ಯಾನೇಜರುಗಳನ್ನು ಹೇಗೆ ಉಳಿಸಿಕೊಳ್ಳುವುದು ಎಂದು ತಿಳಿಯಲು ಹೊರಗಿನಿಂದ ಒಬ್ಬ ಮೋಟಿವೇಷನ್ ಸ್ಪೀಕರನ್ನು ಕರೆಸುತ್ತಾನೆ. ಕಾರ್ಯಕ್ರಮ ರಾತ್ರಿ ಹನ್ನೊಂದಕ್ಕೆ, ಯಾಕೆಂದರೆ ಹೋಟೆಲು ಮುಚ್ಚುವುದು ಹತ್ತೂವರೆಗೆ. ಬೆಳಿಗ್ಗೆ ಐದಕ್ಕೆ ಎದ್ದವರಿಗೆ ಆ ಸ್ಪೀಕರ್ ಹೇಳುವುದು, ಜೀವನದಲ್ಲಿ ನಿದ್ದೆ ಮುಖ್ಯ ಎಂದು. ಆ ತಿಂಗಳ ಉತ್ತಮ ನೌಕರನ ಫೋಟೋ ಗಲ್ಲಾದ ಹಿಂದೆ ದೇವರ ಪಟಗಳ ಪಕ್ಕ ಏರುತ್ತದೆ. ಊದಿನಕಡ್ಡಿಯ ಹೊಗೆ ಅದಕ್ಕೂ ಸಲ್ಲುತ್ತದೆ. ಸಂಬಳ ಮಾತ್ರ ಏರುವುದಿಲ್ಲ.

ಏನು ಮಾಡಿದರೆ ಮ್ಯಾನೇಜರ್ ನಿಲ್ಲುತ್ತಾನೆ ಎಂಬುದೇನು ಬ್ರಹ್ಮವಿದ್ಯೆಯೇ? ವಾರಕ್ಕೊಂದು ರಜೆ, ಆ ದಿನ ಫೋನ್ ಬರಬಾರದು. ಊರ ಜಾತ್ರೆಗೆ ಎರಡು ದಿನ. ಬೈಯುವುದಿದ್ದರೆ ಒಳಗೆ ಕರೆದು ಬೈಯಿರಿ, ಸಪ್ಲೈಯರುಗಳ ಎದುರು ಬೇಡ. ಮಧ್ಯಾಹ್ನ ಇವನು ಹೊರಗೆ ಹಾಕಿದ ಕುಡುಕನನ್ನು ಸಂಜೆ ನೀವು "ನಮ್ಮ ಹಳೇ ಗಿರಾಕಿ" ಎಂದು ಕರೆದು ಕೂರಿಸಬೇಡಿ. ತರಕಾರಿ ಯಾರಿಂದ ಕೊಳ್ಳಬೇಕೆಂದು ಅವನೇ ತೀರ್ಮಾನಿಸಲಿ. ಮತ್ತೆ, ಲಾಭದಲ್ಲಿ ಒಂದಿಷ್ಟು ಪಾಲು. ಹಳೆಯ ಉಡುಪಿ ಹೋಟೆಲಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕೈ ಪಳಗಿದವನನ್ನು ವರ್ಕಿಂಗ್ ಪಾರ್ಟ್ನರ್ ಮಾಡಿಕೊಂಡು ಹೊಸ ಊರಿಗೆ ಕಳಿಸುತ್ತಿದ್ದರು. ಅವನು ದುಡಿದದ್ದು ತನ್ನದಕ್ಕೇ, ಕದಿಯುವುದಾದರೆ ತನ್ನಿಂದಲೇ ಕದಿಯಬೇಕಿತ್ತು.

ನನ್ನ ಪರಿಚಯದ ಧಣಿಯೊಬ್ಬರಿಗೆ ಇದನ್ನೇ ಹೇಳಿದೆ. ಮೂರು ಬ್ರಾಂಚಿನ ದೊಡ್ಡ ಕುಳ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ನೋಟಿಸೇ ಬಾರದ ಇವರು ಮಾರನೇ ದಿನ ಕೌಂಟರಿನ ಕ್ಯೂಆರ್ ಕೋಡ್ ಕಿತ್ತು ನಗದು ಮಾತ್ರ ಎಂದು ಬೋರ್ಡು ಹಾಕಿಸಿದ್ದರು. ಚಿಲ್ಲರೆಗಾಗಿ ಇಡೀ ದಿನ ಗಿರಾಕಿಗಳಿಂದ ಉಗಿಸಿಕೊಂಡದ್ದು ಮಾಮೂಲಿನಂತೆ ಮ್ಯಾನೇಜರ್.

"ಧಣಿ, ಆ ಹುಡುಗ ಹೋಗ್ತಾನೆ ಅಂತೀರಲ್ಲ, ಲಾಭದಲ್ಲಿ ರೂಪಾಯಿಗೆ ಐದು ಪೈಸೆ ಪಾಲು ಕೊಡಿ. ಹೋಗು ಅಂದ್ರೂ ಹೋಗಲ್ಲ" ಎಂದೆ.

ಅವರು ಕಾಫಿ ಲೋಟ ಕೆಳಗಿಟ್ಟು, ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

"ಪಾಲು ಕೊಡ್ಬಹುದು ಮಾರಾಯ್ರೆ. ಆದ್ರೆ ಲೆಕ್ಕ ತೋರಿಸ್ಬೇಕಲ್ಲ. ಯಾವ ಪುಸ್ತಕದ್ದು ತೋರಿಸ್ಲಿ?"