ಪುಕ್ಕಟೆ ಲದ್ದಿ

ನ್ಯೂಜೆರ್ಸಿಯಲ್ಲಿ ಹಿತ್ತಲಿರುವ ಮನೆ ಕೊಂಡ ಯಾವ ಕನ್ನಡಿಗನಿಗೂ ಮೊದಲು ನೆನಪಾಗುವುದು ಅಜ್ಜನ ಮನೆಯ ತಿಪ್ಪೆ. ನಿಮಗೂ ಆಗಿರಬೇಕು, ಸುಳ್ಳು ಹೇಳಬೇಡಿ. ನಾಲ್ಕು ಬದನೆ ಸಸಿಗೆ ಅಂಗಡಿಯ ಗೊಬ್ಬರ ಹಾಕಿದರೆ ನನ್ನ ವಂಶದ ಮಾನ ಹೋದಂತೆ. ದನದ ಕೊಟ್ಟಿಗೆಯನ್ನು ಎಲ್ಲಿ ಹುಡುಕಲಿ? ಕುದುರೆಗಂತೂ ಬರವಿಲ್ಲ, 1977ರಿಂದ ಅದೇ ಈ ರಾಜ್ಯದ ಪ್ರಾಣಿ. ಕೋಲ್ಟ್ಸ್ ನೆಕ್ ಕಡೆಯ ಲಾಯದವರೊಬ್ಬರು, ಲದ್ದಿ ಪುಕ್ಕಟೆ, ಎಷ್ಟು ಬೇಕಾದರೂ ಒಯ್ಯಿರಿ ಎಂದರು. ಆ ಮಾತಿಗೆ ಕರಗದವರುಂಟೇ?

ಪಕ್ಕದಲ್ಲೇ ಕಳಿತು ಮಣ್ಣಾದ ಹಳೇ ರಾಶಿಯಿತ್ತು. ನಾನು ಅದನ್ನು ಮುಟ್ಟೇನೆಯೇ? ತರಕಾರಿ ಆರಿಸುವ ಗತ್ತಿನಲ್ಲಿ, ಅವತ್ತು ಬೆಳಗ್ಗೆ ಬಿದ್ದ ತಾಜಾ ಲದ್ದಿಯನ್ನೇ ಆರಿಸಿ ಮಿನಿವ್ಯಾನಿಗೆ ತುಂಬಿದೆ. ರೂಟ್ 18ರ ಸಿಗ್ನಲ್ಲಿನಲ್ಲಿ ಅಕ್ಕಪಕ್ಕದ ಕಾರುಗಳ ಗಾಜು ಒಂದೊಂದಾಗಿ ಮೇಲೇರಿತು. ಸಂಜೆ ಅದೇ ವ್ಯಾನಿನಲ್ಲಿ ಗೆಳೆಯರ ಮನೆಯ ಸತ್ಯನಾರಾಯಣ ಪೂಜೆಗೆ ಬಿಸಿಬೇಳೆಬಾತ್ ಹೊರಟಿತು. "ಮಸಾಲೆ ಊರಿಂದ ಬಂದದ್ದಾ?" ಎಂದು ಒಬ್ಬರು ಬಹಳ ಸೌಜನ್ಯದಿಂದ ಕೇಳಿದರು.

ಲದ್ದಿಯನ್ನು ಬದನೆ ಸಸಿಗಳ ಬುಡಕ್ಕೆ ಧಾರಾಳವಾಗಿ ಸುರಿದೆ. ಹಸಿ ಲದ್ದಿಯ ಅಮೋನಿಯಾಕ್ಕೆ ಎರಡು ಸಸಿ ಸುಟ್ಟು ಕರಕಲು. ಉಳಿದವು ಕಳೆಯಲ್ಲಿ ಮುಚ್ಚಿಹೋದವು. ಕುದುರೆಯ ಹೊಟ್ಟೆಯಲ್ಲಿ ಹುಲ್ಲಿನ ಬೀಜ ಪೂರಾ ಅರಗುವುದಿಲ್ಲವಂತೆ. ಅಷ್ಟರ ಮೇಲೆ ಓದಿದೆ: ಇಲ್ಲಿನ ಸಾವಯವ ಕೃಷಿಯ ನಿಯಮದಲ್ಲಿ ಹಸಿ ಗೊಬ್ಬರ ಹಾಕಿದರೆ, ಫಲ ಮಣ್ಣಿಗೆ ತಾಗುವಂತಿದ್ದರೆ ಕೊಯ್ಲಿಗೆ 120 ದಿನ, ತಾಗದಿದ್ದರೆ 90 ದಿನ ಕಾಯಬೇಕು. ಇನ್ನೂ ಹೂವೇ ಬಿಡದ ಬದನೆ ಮುಂದೆ ನೆಲ ಮುಟ್ಟೀತೋ ಇಲ್ಲವೋ ಎಂದು ನಾನು ಮೊಣಕಾಲೂರಿ ಅಳೆಯುತ್ತಿದ್ದುದನ್ನು ಇಡೀ ಬೀದಿ ನೋಡಿತು.

ಮಿಕ್ಕಿದ್ದನ್ನು ಒಣಗಿದೆಲೆಯೊಡನೆ ಮೂಲೆಯಲ್ಲಿ ಗುಡ್ಡೆ ಹಾಕಿದೆ. ಒಂದು ತಣ್ಣನೆಯ ಮುಂಜಾವು ನೋಡಿದರೆ ಗುಡ್ಡೆ ಇಡ್ಲಿ ಪಾತ್ರೆಯ ಹಾಗೆ ಹೊಗೆಯಾಡುತ್ತಿದೆ! ಬೆಂಕಿಯೇ ಬಿತ್ತೆಂದು ಉಟ್ಟ ಪಂಚೆಯಲ್ಲೇ ನೀರಿನ ಪೈಪು ಎಳೆದುಕೊಂಡು ಓಡಿದೆ, ಜಾರಿದೆ, ಗುಡ್ಡೆಯೊಳಗೇ ಆಸೀನನಾದೆ. ಬೆಚ್ಚಗಿತ್ತು. ಬೆಂಕಿಯಲ್ಲ, ಸೂಕ್ಷ್ಮಜೀವಿಗಳ ಕಾವು. ಒಳಗೆ 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ನಿಂತರೆ, ಆಗಾಗ ಮಗುಚುತ್ತಿದ್ದರೆ, ರೋಗಾಣುವೂ ಕಳೆಬೀಜವೂ ಬಹುಮಟ್ಟಿಗೆ ಸಾಯುತ್ತವೆ. ಕೊನೆಗೂ ಒಂದು ಕೆಲಸ ತಾನಾಗಿ ಸರಿಹೋಗಿತ್ತು! ಅಳೆಯದೆ ಇರಲಾದೀತೇ? ಅಡುಗೆಮನೆಯಿಂದ ಉದ್ದ ಕಡ್ಡಿಯದೊಂದು ಥರ್ಮಾಮೀಟರ್ ತಂದು ಚುಚ್ಚಿದೆ. ಭರ್ತಿ 60!

ಮೊಮ್ಮಗ ಹುಟ್ಟಿದಷ್ಟು ಖುಷಿಯಲ್ಲಿ ಕುಣಿಯುತ್ತಿರುವಾಗಲೇ ಒಳಗಿನಿಂದ ಕೂಗು ಬಂತು: "ರೀ, ಮೊಸರಿಗೆ ಹೆಪ್ಪು ಹಾಕಬೇಕು, ಹಾಲಿನ ಬಿಸಿ ನೋಡೋ ಕಡ್ಡಿ ಎಲ್ಲಿ?"

"ಹೊಸದು ತರ್ತೀನಿ ಇರು," ಎಂದು ಕಾರಿನ ಕೀಲಿ ಹುಡುಕಿದೆ.

"ಯಾಕೆ, ಹಳೇದಕ್ಕೇನಾಯ್ತು?"