ಮುದ್ದೆಯ ವಕೀಲರು

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ಸೀಮೆಯ ಕುಟುಂಬಗಳಲ್ಲಿ, ಅಣ್ಣತಮ್ಮಂದಿರು ಬೇರೆಯಾಗಿ ಒಲೆಗಳು ನಾಲ್ಕಾದ ಮೇಲೂ, ಹಬ್ಬ, ತಿಥಿ, ಮದುವೆಗಳಲ್ಲಿ ತಪ್ಪದೆ ಎದುರಾಗುವ ಒಬ್ಬ ಹಿರಿಯರಿರುತ್ತಾರೆ. ಹರೆಯದ ಮಕ್ಕಳ ತಟ್ಟೆಯಲ್ಲಿ ಏನಿದೆ, ಏನಿರಬೇಕಿತ್ತು ಎಂಬುದರ ಮೇಲೆ ವಾದ ಮಂಡಿಸುವ ಹಕ್ಕು ತಮಗೆ ಹುಟ್ಟಿನಿಂದಲೇ ಬಂದಿದೆಯೆಂದು ನಂಬಿರುವ ಇವರನ್ನು ಪ್ರಸ್ತುತ ಬರಹದಲ್ಲಿ ‘ಮುದ್ದೆಯ ವಕೀಲರು’ ಎಂದು ಕರೆಯಲಾಗಿದೆ. ಹರೆಯವೆಂದರೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 10ರಿಂದ 19 ವರ್ಷದವರೆಗಿನ ಅವಧಿ. ವಕೀಲರ ಪ್ರಕಾರ ಅದು ಮಗು ಮೊದಲ ಸಲ ‘ಬ್ಯಾಡ’ ಎಂದ ದಿನ ಶುರುವಾಗಿ, ಮದುವೆಯಾಗುವವರೆಗೂ ಮುಗಿಯುವುದಿಲ್ಲ.

ವಕೀಲರು ಸಾಮಾನ್ಯವಾಗಿ ಪಿಂಚಣಿದಾರರು, ಬಿಳಿಪಂಚೆಯವರು, ದೊಡ್ಡಪ್ಪನ ಸ್ಥಾನದಲ್ಲಿರುವವರು. ಹರೆಯದವರು ಕೆಟ್ಟದ್ದನ್ನು ತಿನ್ನುವುದಕ್ಕೆ ಅವರ ದೃಷ್ಟಿಯಲ್ಲಿ ಎರಡೇ ಕಾರಣಗಳಿವೆ, ಒಂದು ನಾಲಿಗೆ, ಇನ್ನೊಂದು ಮೊಬೈಲು. ಇವೆರಡನ್ನೂ ಹಿಡಿತದಲ್ಲಿಟ್ಟರೆ ಉಳಿದದ್ದನ್ನು ರಾಗಿ ನೋಡಿಕೊಳ್ಳುತ್ತದೆ. ಅವರ ವಾದದಲ್ಲಿ ಹುರುಳಿಲ್ಲ ಎನ್ನುವಂತಿಲ್ಲ, ಏಕೆಂದರೆ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಅಂದರೆ ಮೂಳೆ ಬೆಳೆಯಲು ಬೇಕಾದ ಸುಣ್ಣದ ಅಂಶ, ಇರುವುದೂ, ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸಿನಲ್ಲಿರುವುದೂ ನಿಜ. ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ತಳಿಗೆ ಆಫ್ರಿಕದ ತಳಿಯನ್ನು ಕೂಡಿಸಿ ‘ಇಂಡಾಫ್’ ರಾಗಿಯನ್ನು ರೂಪಿಸಿದ ‘ರಾಗಿ’ ಲಕ್ಷ್ಮಣಯ್ಯನವರ ಹೆಸರನ್ನು ವಕೀಲರು ಭಕ್ತಿಯಿಂದ ಎತ್ತುತ್ತಾರೆ, ಅದೂ ನ್ಯಾಯವೇ. ತೊಂದರೆಯಿರುವುದು ವಾದದಲ್ಲಲ್ಲ, ವೇಳೆಯಲ್ಲಿ: ಎಲೆಗೆ ಸಾರು ಬಿದ್ದು ಮಗು ಮೊದಲ ತುತ್ತು ಮುರಿಯುವವರೆಗೆ ಸುಮ್ಮನಿದ್ದು, ಸರಿಯಾಗಿ ಆ ಗಳಿಗೆಯಲ್ಲೇ ಅವರು ಕಲಾಪ ಆರಂಭಿಸುತ್ತಾರೆ.

ಕೊಳ್ಳೇಗಾಲ ಪೇಟೆಯ ಒಬ್ಬ ವಕೀಲರ ಪ್ರಕರಣವನ್ನು ಇಲ್ಲಿ ತುಸು ವಿಸ್ತಾರವಾಗಿ ದಾಖಲಿಸುವುದು ಅಗತ್ಯ. ಅವರ ತಮ್ಮನ ಮಗಳು ಲೊಕ್ಕನಹಳ್ಳಿ ಕಡೆಯ ಹಳ್ಳಿಯೊಂದರಿಂದ ಪಿಯುಸಿ ವಿಜ್ಞಾನ ಓದಲು ದಿನವೂ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಬರುವವಳು; ಅವಳ ಬಸ್ಸು ಹೊರಡುವ ಹೊತ್ತಿಗೆ ಮನೆಯ ಒಲೆಯ ಮೇಲೆ ಕಾಫಿಯ ನೀರಷ್ಟೇ ಇರುತ್ತದೆ, ಮುದ್ದೆ ತಿರುವುವುದು ಅವಳು ಮೊದಲ ಪಾಠ ಮುಗಿಸಿದ ಮೇಲೆ. ಹೀಗಾಗಿ ಅವಳ ಬೆಳಗಿನ ಊಟ ಬಸ್‌ಸ್ಟ್ಯಾಂಡ್ ಪಕ್ಕದ ಬೇಕರಿಯ ಒಂದು ಎಗ್ ಪಫ್ ಎಂಬ ಸಂಗತಿ ವಕೀಲರ ಕಿವಿಗೆ ಬಿದ್ದದ್ದೇ, ಅವರು ತಮ್ಮನ ಮನೆಗೆ ಫೋನು ಮಾಡಿ, ನಸುಕಿನಲ್ಲೇ ಮುದ್ದೆ ಕಟ್ಟಿ ಉಪ್ಸಾರಿನೊಂದಿಗೆ ಕ್ಯಾರಿಯರ್‌ನಲ್ಲಿ ಕಳಿಸತಕ್ಕದ್ದು ಎಂದು ಆಜ್ಞೆ ಹೊರಡಿಸಿದರು. ಉಪ್ಸಾರೆಂದರೆ ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿಗೆ ಉಪ್ಪು ಹಾಕಿ, ಮೆಣಸಿನಕಾಯಿ, ಬೆಳ್ಳುಳ್ಳಿ ಅರೆದ ಖಾರವನ್ನು ತಟ್ಟೆಯಲ್ಲಿ ಬೇಕಾದಷ್ಟೇ ಕಲೆಸಿಕೊಂಡು ಉಣ್ಣುವ ಈ ಸೀಮೆಯ ತೆಳ್ಳನೆಯ ಸಾರು. ತೆಳ್ಳನೆಯ ಎಂಬ ಗುಣವೇ ಮುಂದಿನ ಅನಾಹುತಕ್ಕೆ ಕಾರಣವಾಯಿತು. ಒಡೆಯರಪಾಳ್ಯ ದಾಟಿದ ಮೇಲಿನ ತಿರುವುಗಳಲ್ಲೆಲ್ಲೋ ಕ್ಯಾರಿಯರ್‌ನ ಬಿಗಿ ಸಡಿಲಿ, ಸಾರು ಚೀಲದೊಳಗೆ ಇಳಿದು, ರಸಾಯನಶಾಸ್ತ್ರದ ರೆಕಾರ್ಡ್ ಪುಸ್ತಕದಲ್ಲಿ ಲವಣ ವಿಶ್ಲೇಷಣೆಯ ಪುಟಗಳನ್ನೇ ಆರಿಸಿಕೊಂಡು ನೆನೆಸಿತು. ಪುಟವನ್ನು ಮೂಗಿನ ಹತ್ತಿರ ಹಿಡಿದ ಉಪನ್ಯಾಸಕರು, ಲವಣ ಯಾವುದೆಂಬುದು ಪರೀಕ್ಷೆಯಿಲ್ಲದೆಯೇ ಗೊತ್ತಾಗುತ್ತಿದೆ ಎಂದರಂತೆ. ಮುದ್ದೆಯಾದರೋ ಮಧ್ಯಾಹ್ನದ ಹೊತ್ತಿಗೆ ಹೊರಮೈ ಒಣಗಿ ಬಿರುಸಾಗಿತ್ತು. ಆ ಕ್ಯಾರಿಯರನ್ನು ಅಂದು ಸಂಜೆ ಯಾರು ತೊಳೆದರೆಂಬುದು ಶಾಸ್ತ್ರೀಯ ಚರ್ಚೆಗೆ ಅಪ್ರಸ್ತುತವಾದರೂ, ವಕೀಲರ ಮನೆಯಲ್ಲೇ ವಾಸವಾಗಿರುವ ಈ ಸಾಲುಗಳ ಕರ್ತೃವಿಗೆ ಅಷ್ಟೇನೂ ಅಪ್ರಸ್ತುತವಲ್ಲ.

ಸೋಲೊಪ್ಪದ ವಕೀಲರು ಬೇಕರಿಯ ಬೆಂಚಿನ ಮೇಲೆ ಖುದ್ದು ಕಾವಲು ಕೂರಲು ನಿರ್ಧರಿಸಿದರು. ದೊಡ್ಡಪ್ಪನ ಪಂಚೆಯನ್ನು ದೂರದಿಂದಲೇ ಕಂಡ ಹುಡುಗಿ ಬೇರೆ ಬೇಕರಿಗೆ ಹೋದಳು. ಹಿರಿಯರು ಬರಿದೇ ಕುಳಿತಿರುವುದನ್ನು ನೋಡಲಾರದ ಬೇಕರಿಯವರು ಅವರಿಗೆ ಸಕ್ಕರೆ ಹೆಚ್ಚಿಗೆ ಹಾಕಿದ ಟೀಯನ್ನೂ ಬೆಣ್ಣೆ ಬಿಸ್ಕತ್ತನ್ನೂ ಕೊಡುತ್ತಾ ಹೋದರು. ತಿಂಗಳುಗಳ ಕಾವಲಿನ ಫಲವಾಗಿ ಸಿಕ್ಕಿಬಿದ್ದದ್ದು ವಕೀಲರ ರಕ್ತದಲ್ಲಿನ ಸಕ್ಕರೆ. ವೈದ್ಯರು ಟೀಗೆ ಸಕ್ಕರೆ ಬೇಡವೆಂದದ್ದನ್ನು ಅವರು ಹೇಗೋ ಸಹಿಸಿಕೊಂಡರು; ಆದರೆ ರಾಗಿಯಲ್ಲೂ ಹೆಚ್ಚಿನ ಪಾಲು ಪಿಷ್ಟವೇ, ಅಂದರೆ ಜೀರ್ಣವಾದಂತೆ ಸಕ್ಕರೆಯಾಗುವ ವಸ್ತುವೇ ಆದುದರಿಂದ ಊಟಕ್ಕೆ ಎರಡು ಮುದ್ದೆಯ ಬದಲು ಒಂದೇ ಸಾಕೆಂದದ್ದನ್ನು ಮಾತ್ರ ಸಹಿಸದೆ, ಮೇಲ್ಮನವಿಗಾಗಿ ಮೈಸೂರಿನ ವೈದ್ಯರ ಬಳಿಗೆ ಹೋದರು. ಅಲ್ಲಿಯೂ ತೀರ್ಪು ಕಾಯಂ ಆಯಿತು.

ಹರೆಯದವರ ಊಟವನ್ನು ತೀರ್ಮಾನಿಸುವ ಶಕ್ತಿಗಳಲ್ಲಿ ಬಹುಪಾಲು ವಕೀಲರ ಕಣ್ಣಿಗೆ ಬೀಳದಿರುವುದು ಈ ವರ್ಗದ ಮುಖ್ಯ ಲಕ್ಷಣ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹತ್ತನೇ ತರಗತಿಯವರೆಗೆ ಮಧ್ಯಾಹ್ನದ ಬಿಸಿಯೂಟವಿದೆ, 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲಿದೆ, ಮೊಟ್ಟೆಯಿದೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣಿದೆ, 2024ರಿಂದ ಹಾಲಿನ ಜೊತೆಗೆ ರಾಗಿ ಮಾಲ್ಟೂ ಸೇರಿದೆ. ಇವೆಲ್ಲ ರೂಪುಗೊಂಡದ್ದು ಶಾಲೆಯ ಮಕ್ಕಳಿಗಾಗಿ, ಪಿಯುಸಿಯವರಿಗಾಗಿ ಅಲ್ಲ. ಹೀಗೆ ಹದಿನಾರರ ವಯಸ್ಸಿನಲ್ಲಿ, ಹಸಿವು ಅತಿ ಹೆಚ್ಚಿರುವ ಹೊತ್ತಿನಲ್ಲಿಯೇ, ಹುಡುಗ ಹುಡುಗಿಯರು ಬಿಸಿಯೂಟದ ಸಾಲಿನಿಂದ ಎದ್ದು ಬಸ್‌ಸ್ಟ್ಯಾಂಡಿಗೆ ಬಂದು ನಿಲ್ಲುತ್ತಾರೆ. ಅಲ್ಲಿ ಐದು, ಹತ್ತು ರೂಪಾಯಿಯ ಪೊಟ್ಟಣಗಳು ಜೇಬಿನ ಚಿಲ್ಲರೆಗೆ ಹೊಂದುವಂತೆ ತೋರಣ ಕಟ್ಟಿಕೊಂಡಿರುತ್ತವೆ. ಹಣ್ಣಿನವರ ಬಳಿ ಅಷ್ಟು ದುಡ್ಡಿಗೆ ಸಿಗುವುದು ಹೆಚ್ಚೆಂದರೆ ಒಂದೆರಡು ಬಾಳೆಹಣ್ಣು. ಜೂನ್ 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹುಡುಗಿಯರಿಗೆ ಟಿಕೆಟ್ಟಿನ ದುಡ್ಡು ಉಳಿಯಿತಷ್ಟೆ. ಉಳಿದ ದುಡ್ಡಿನ ಒಂದು ಪಾಲು ಪಾನಿಪುರಿ ಗಾಡಿಗೆ ಸಂದಾಯವಾಗುತ್ತಿದೆಯೆಂದು ವಕೀಲರು ದೂರುತ್ತಾರೆ, ಆದರೆ ಆ ಗಾಡಿಯ ಮುಂದೆ ನಾಲ್ವರು ಗೆಳತಿಯರು ಸುತ್ತ ನಿಂತು ನಗುವ ಹತ್ತು ನಿಮಿಷ ಅವರ ದಿನದಲ್ಲಿ ಬೇರೆಲ್ಲೂ ಇಲ್ಲವೆಂಬುದನ್ನು ಅವರು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಒಬ್ಬಳೇ ಕುಳಿತು ಮುದ್ದೆಯ ಡಬ್ಬಿ ಬಿಚ್ಚುವುದಕ್ಕೆ ಹದಿನಾರನೆಯ ವಯಸ್ಸಿನಲ್ಲಿ ಅಸಾಮಾನ್ಯ ಧೈರ್ಯ ಬೇಕು.

ಮಾರ್ಚ್ 2024ರಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದಾಗ ವಕೀಲರು ಅದನ್ನು ತಮ್ಮ ಸ್ವಂತ ಗೆಲುವೆಂದೇ ಭಾವಿಸಿ ಮನೆಮಂದಿಗೆಲ್ಲ ಪತ್ರಿಕೆ ಓದಿ ಹೇಳಿದರು. ಗೋಬಿಯ ಕೆಂಪು ಇಳಿಯಿತು, ಗಾಡಿಯ ಮುಂದಿನ ಗುಂಪು ಇಳಿಯಲಿಲ್ಲ. ಶಾಲೆಯ ಗೇಟಿನಿಂದ 50 ಮೀಟರ್‌ವರೆಗೆ ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸು ಮಾರಬಾರದೆಂಬ ಕೇಂದ್ರದ 2020ರ ನಿಯಮವನ್ನೂ ಅವರು ಬಲ್ಲರು. ಅಂಗಡಿಯವರಿಗೂ ಅದು ಗೊತ್ತಿದ್ದರೆ ಹೆಚ್ಚೆಂದರೆ ಗಾಡಿ ಐವತ್ತೊಂದನೆಯ ಮೀಟರಿಗೆ ಸರಿದೀತು.

ವಕೀಲರ ಮೇಲೆ ನಿಜವಾದ ಸಿಟ್ಟು ಬರುವುದು ಬೇರೊಂದು ಕಡೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59.1 ಮಂದಿಗೆ ರಕ್ತಹೀನತೆ, ಅಂದರೆ ರಕ್ತದಲ್ಲಿ ಹಿಮೋಗ್ಲೋಬಿನ್ ಇರಬೇಕಾದುದಕ್ಕಿಂತ ಕಡಿಮೆ. ಅದೇ ವಯಸ್ಸಿನ ಹುಡುಗರಲ್ಲಿ ಇದು ಶೇ. 31.1. ಇದಕ್ಕೆಂದೇ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಎಷ್ಟೋ ಚೀಲಗಳ ತಳದಲ್ಲಿ ಪುಡಿಯಾಗುತ್ತದೆ. ಊಟದ ಬೆನ್ನಿಗೇ ಟೀ ಕುಡಿದರೆ ಅನ್ನ ಸೊಪ್ಪುಗಳ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆಂಬುದು ತಿಳಿದ ಸಂಗತಿಯೇ ಆದರೂ, ಊಟವಾದೊಡನೆ ‘ಒಂದು ಲೋಟ ಟೀ ಮಾಡವ್ವ, ನೀನೂ ಕುಡಿ’ ಎನ್ನುವವರು ಇದೇ ವಕೀಲರು. ಗಂಡಸರೆಲ್ಲ ಉಂಡೆದ್ದ ಮೇಲೆ ಪಾತ್ರೆಯ ತಳದಲ್ಲಿ ಸೊಪ್ಪು ಉಳಿದಿತ್ತೇ, ಮೊಟ್ಟೆ ಉಳಿದಿತ್ತೇ ಎಂಬ ಪ್ರಶ್ನೆ ಅವರ ಪಾಟೀಸವಾಲಿನಲ್ಲಿ ಎಂದೂ ಬರುವುದಿಲ್ಲ.

ಹಾಗೆಯೇ ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಅವರು ಸಾಕ್ಷಿಯಾಗಿ ಕರೆಯುತ್ತಾರೆ: ಜೇನು, ಗೆಡ್ಡೆಗೆಣಸು, ಕಾಡಿನ ಸೊಪ್ಪು ತಿಂದ ಜನಕ್ಕೆ ಯಾವ ರೋಗವಿತ್ತು ಎಂದು. ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದದ್ದು, ಕಾಡುತ್ಪನ್ನ ಸಂಗ್ರಹಿಸುವ ಹಕ್ಕಿಗಾಗಿ ಸೋಲಿಗರು ಹೋರಾಡಬೇಕಾಗಿ ಬಂದದ್ದು, ಅವರ ಮಕ್ಕಳಲ್ಲಿ ಬಹಳ ಮಂದಿ ಇಂದು ಹಾಸ್ಟೆಲಿನಲ್ಲಿ ಅನ್ನ ಸಾಂಬಾರು ಉಣ್ಣುವುದು ವಕೀಲರಿಗೆ ತಿಳಿಯದು. ಅವರು ಬೆಟ್ಟ ಹತ್ತಿರುವುದು ಸ್ವಾಮಿಯ ದರ್ಶನಕ್ಕೆ ಮಾತ್ರ.

ಆದರೂ ವಕೀಲರನ್ನು ಪೂರ್ತಿ ತಳ್ಳಿಹಾಕುವುದು ಕಷ್ಟ. ಕರೆಂಟು ಹೋದ ರಾತ್ರಿಗಳಲ್ಲಿ ಅವರೇ ಹೇಳಿಕೊಳ್ಳುವಂತೆ, ಅವರು ಓದಿದ ಹಾಸ್ಟೆಲಿನಲ್ಲಿ ಮುದ್ದೆಯನ್ನು ಎಣಿಸಿ ಹಾಕುತ್ತಿದ್ದರು, ಎರಡನೆಯದನ್ನು ಕೇಳಿದವರನ್ನು ಗುರುತಿಟ್ಟುಕೊಳ್ಳುತ್ತಿದ್ದರು, ಮತ್ತು ಅನ್ನವೆಂಬುದು ಹಬ್ಬದ ದಿನ ಮಾತ್ರ ಕಾಣುವ ವಸ್ತುವಾಗಿತ್ತು. ಹದಿನಾರನೆಯ ವಯಸ್ಸಿನಲ್ಲಿ ಅವರಿಗೆ ರಾಗಿಯ ಮೇಲೆ ಲವಲೇಶವೂ ಪ್ರೀತಿಯಿರಲಿಲ್ಲ. ಬಿಳಿ ಅನ್ನದ ರಾಶಿಯನ್ನೇ ಅವರು ಕನಸಿನಲ್ಲಿ ಕಾಣುತ್ತಿದ್ದರು. ಪ್ರೀತಿ ಹುಟ್ಟಿದ್ದು ಬೇಕಾದಷ್ಟು ಅನ್ನ ಉಂಡು ಮುಗಿಸಿದ ಮೇಲೆ.

ಬನದ ಹುಣ್ಣಿಮೆಗೆ ಆರಂಭವಾಗುವ ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಜಾತ್ರೆಯಲ್ಲಿ ಪಂಕ್ತಿಸೇವೆಯ ದಿನ, ಹಲವು ಜಾತಿಯ ಜನ ಬಿಡಾರಗಳಲ್ಲಿ ಅಡುಗೆ ಮಾಡಿ ಸಾಲಾಗಿ ಕುಳಿತು ಉಣ್ಣುವ ಹೊತ್ತಿನಲ್ಲಿ, ವಕೀಲರೂ ಅವರ ತಮ್ಮನ ಮಗಳೂ ಒಂದೇ ಸಾಲಿನಲ್ಲಿ ಕುಳಿತಿದ್ದರು. ಯಾರೂ ಯಾರಿಗೂ ಬುದ್ಧಿ ಹೇಳಲಿಲ್ಲ. ಎಲ್ಲರ ಎಲೆಯಲ್ಲೂ ಇದ್ದದ್ದು ಒಂದೇ ಊಟವಾದುದರಿಂದ ಹುಡುಗಿ ಮಾತಿಲ್ಲದೆ ಒಂದು ಮುದ್ದೆ ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದಳು; ಬಡಿಸುವವನು ಅವಳ ಎಲೆಗೆ ಹಾಕಿ ಮುಂದೆ ಸರಿಯುತ್ತಿದ್ದಂತೆ ವಕೀಲರ ಕೈಯೂ ಮೇಲೆದ್ದಿತು.

‘ದೊಡ್ಡಪ್ಪ, ನಿಮ್ಗೆ ಒಂದೇ ಅಂತ ಡಾಕ್ಟ್ರು ಹೇಳವ್ರೆ’ ಎಂದಳು ಹುಡುಗಿ, ಸಾಲಿನ ಕೊನೆಯವರೆಗೂ ಕೇಳುವಂತೆ.

ವಕೀಲರು ವಾಯಿದೆ ಕೇಳಿದರು.